ಸೋಮವಾರ ಮೊದಲ ಸಲ ವಿಗ್ ಹಾಕಿಕೊಂಡು ಆಫೀಸಿಗೆ ಹೋಗಬೇಕು, ಧೈರ್ಯ ಸಾಲುತ್ತಿಲ್ಲ

ನೀಲಿಕೊಡೆ (ಗುರುವಾರ, ರಾತ್ರಿ 10:20)

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ನೀವೆಲ್ಲ ಇಲ್ಲಿ ಬರೆಯುವುದನ್ನು ಓದುತ್ತಾ ಬಂದಿದ್ದೇನೆ. ನಾನು ಬರೆಯುತ್ತಿರುವುದು ಇದೇ ಮೊದಲು.

ನನಗೆ 34. ಎರಡು ವರ್ಷದ ಹಿಂದೆ ಒಂದು ದಿನ ತಲೆ ಬಾಚುವಾಗ ಕಿವಿಯ ಹಿಂದೆ ಬೆರಳಿಗೆ ನುಣ್ಣಗೆ ಏನೋ ತಗುಲಿತು. ನೋಡಿದರೆ ನಾಣ್ಯದಷ್ಟು ಜಾಗದಲ್ಲಿ ಒಂದೂ ಕೂದಲಿಲ್ಲ. ತಿಂಗಳೊಳಗೆ ಇನ್ನೆರಡು ಕಡೆ ಹಾಗೇ ಆಯಿತು. ಡಾಕ್ಟರು ಅಲೊಪೇಶಿಯಾ ಏರಿಯಾಟಾ ಅಂದರು. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ತಪ್ಪು ತಿಳಿದು ಕೂದಲಿನ ಬುಡದ ಮೇಲೆ ತಿರುಗಿ ಬೀಳುತ್ತದಂತೆ. ಚಿಕಿತ್ಸೆ ನಡೆಯುತ್ತಿದೆ. ಒಂದು ಕಡೆ ಬೆಳೆಯುತ್ತದೆ, ಇನ್ನೊಂದು ಕಡೆ ಹೋಗುತ್ತದೆ. ಈಗ ತಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ.

ಇಷ್ಟು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮೀಟಿಂಗ್ ಇದ್ದರೆ ಕ್ಯಾಮೆರಾ ಆಫ್. ಸೋಮವಾರದಿಂದ ಎಲ್ಲರೂ ಆಫೀಸಿಗೆ ಬರಲೇಬೇಕು ಅಂದಿದ್ದಾರೆ.

ವಿಗ್ ತಂದು ಮೂರು ವಾರ ಆಯಿತು. ಡಬ್ಬಿಯಿಂದ ಹೊರಗೆ ತೆಗೆದಿದ್ದು ಎರಡೇ ಸಲ. ಎರಡನೇ ಸಲ ಹಾಕಿಕೊಂಡು ಕನ್ನಡಿ ನೋಡಿದವಳು ಅಲ್ಲೇ ಕೂತು ಅತ್ತೆ. ಚೆನ್ನಾಗಿಲ್ಲ ಅಂತಲ್ಲ. ಎರಡು ವರ್ಷದ ಹಿಂದಿನ ನಾನು ಎದುರಿಗೆ ನಿಂತ ಹಾಗಿತ್ತು. ಅವಳನ್ನು ನೋಡಿ ತುಂಬಾ ದಿನ ಆಗಿತ್ತು.

ಈಗ ತಲೆ ತುಂಬಾ ಭಯಗಳೇ. ಗಾಳಿಗೆ ಜರುಗಿದರೆ? ಯಾರಾದರೂ ಸಲಿಗೆಯಿಂದ ತಲೆ ಮುಟ್ಟಿದರೆ? ‘ಏನು, ಹೇರ್‌ಕಟ್ ಮಾಡಿಸಿದ್ರಾ?’ ಅಂತ ಕೇಳಿದರೆ ಏನು ಹೇಳಲಿ? ಹೌದು ಅಂದರೆ ಸುಳ್ಳು. ಅಲ್ಲ ಅಂದರೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ನೀವೆಲ್ಲ ಮೊದಲ ದಿನ ಹೇಗೆ ದಾಟಿದಿರಿ? ದಯವಿಟ್ಟು ಹೇಳಿ.


ಸಂಜೆಗಾಳಿ (ಗುರುವಾರ, ರಾತ್ರಿ 10:55)

ಬರೆದಿದ್ದು ಒಳ್ಳೆಯದಾಯಿತಮ್ಮ. ನಾನು ನಿಮಗಿಂತ ದೊಡ್ಡವಳು, 52. ನನ್ನ ಕೂದಲು ಹೋಗಿದ್ದು ಕ್ಯಾನ್ಸರಿನ ಕೀಮೋ ಚಿಕಿತ್ಸೆಯಿಂದ. ಮೊದಲ ಕೀಮೋ ಆದ ಎರಡರಿಂದ ನಾಲ್ಕು ವಾರದೊಳಗೆ ಉದುರಲು ಶುರುವಾಗುತ್ತದೆ ಅಂತ ನರ್ಸ್ ಮೊದಲೇ ಹೇಳಿದ್ದರು. ಸರಿಯಾಗಿ ಮೂರನೇ ವಾರ ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಗೊಂಚಲು ಗೊಂಚಲು.

ಒಂದೇ ಒಂದು ಮಾತು ಹೇಳುತ್ತೇನೆ. ಇವತ್ತು ಗುರುವಾರ. ಸೋಮವಾರದ ತನಕ ಡಬ್ಬಿ ಮುಚ್ಚಿಡಬೇಡಿ. ಹೊಸ ಚಪ್ಪಲಿ ತಂದರೆ ನಾಲ್ಕು ದಿನ ಮನೆಯಲ್ಲೇ ಹಾಕಿ ಓಡಾಡಿ ಒಗ್ಗಿಸಿಕೊಳ್ಳಲ್ವಾ, ಹಾಗೆ. ನಾನು ವಿಗ್ ಹಾಕಿಕೊಂಡು ಕಸ ಗುಡಿಸಿದೆ, ಬಟ್ಟೆ ಒಣಗಿಸಿದೆ, ಮಂಚದ ಕೆಳಗೆ ಬಗ್ಗಿ ಚಾರ್ಜರ್ ಹುಡುಕಿದೆ. ಕನ್ನಡಿ ಮುಂದೆ ಹತ್ತು ಸಲ ಜಿಗಿದೆ. ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಕೊಡವಿದೆ. ಫ್ಯಾನು ಪೂರ್ತಿ ಸ್ಪೀಡಿಗೆ ಹಾಕಿ ಅದರ ಎದುರಿಗೇ ಕೂತೆ. ಕೂದಲು ಹಾರಾಡಿತು, ವಿಗ್ ಮಾತ್ರ ಕೂತ ಜಾಗ ಬಿಡಲಿಲ್ಲ. ಅದನ್ನು ಕಣ್ಣಾರೆ ನೋಡಿದ ಮೇಲೆ ನನ್ನ ಅರ್ಧ ಭಯ ಹೋಯಿತು.

ಧೈರ್ಯ ಬಂದ ಮೇಲೆ ಹಾಕಿಕೊಳ್ಳೋಣ ಅಂತ ಕಾಯುತ್ತಾ ಕೂತಿದ್ದರೆ ನಾನು ಇವತ್ತಿಗೂ ಕಾಯುತ್ತಲೇ ಇರುತ್ತಿದ್ದೆ.


ಬಾಚಣಿಗೆ (ಗುರುವಾರ, ರಾತ್ರಿ 11:30)

ನನ್ನ ಕೆಲಸವೇ ವಿಗ್. ಕ್ಯಾಪಿಗೆ ಒಂದೊಂದೇ ಎಳೆ ಗಂಟು ಹಾಕಿ ಕೂರಿಸುವುದು, ಬಂದವರ ಮುಖಕ್ಕೆ ಹೊಂದುವ ಹಾಗೆ ಕತ್ತರಿಸುವುದು. ಹದಿನೈದು ವರ್ಷದಲ್ಲಿ ನಿಮ್ಮ ಹಾಗೆ ಡಬ್ಬಿ ಮುಚ್ಚಿಟ್ಟವರನ್ನು ತುಂಬಾ ನೋಡಿದ್ದೇನೆ. ಮುಕ್ಕಾಲು ಪಾಲು ಜನರಿಗೆ ತೊಂದರೆ ಆಗುತ್ತಿದ್ದುದು ವಿಗ್ ಸರಿಯಾಗಿ ಕೂರದೇ ಇದ್ದಿದ್ದರಿಂದ. ಅದಕ್ಕೇ ಮೊದಲು ಕೂರಿಸುವುದನ್ನು ನೋಡೋಣ.

ಹುಬ್ಬಿನ ಮೇಲೆ ನಾಲ್ಕು ಬೆರಳು ಅಡ್ಡ ಇಡಿ. ನಾಲ್ಕನೇ ಬೆರಳು ಮುಗಿಯುವ ಕಡೆ ವಿಗ್‌ನ ಮುಂದಿನ ಅಂಚು ಬರಬೇಕು. ಹೊಸಬರೆಲ್ಲ ಜಾರಿಬಿಡುತ್ತದೆ ಅನ್ನುವ ಹೆದರಿಕೆಗೆ ಅದನ್ನು ಹಣೆಯ ಮೇಲೆ ಕೆಳಕ್ಕೆ ಎಳೆದುಕೊಳ್ಳುತ್ತಾರೆ. ಅಲ್ಲೇ ಅದು ಟೋಪಿಯ ಹಾಗೆ ಕಾಣಲು ಶುರುವಾಗುವುದು. ಆಮೇಲೆ ಎರಡೂ ಕಿವಿಯ ಮುಂದೆ ಪುಟ್ಟ ತುಂಡು ಬಟ್ಟೆಯ ಹಾಗೆ ಇರುತ್ತದೆ, ಅವೆರಡನ್ನೂ ಬೆರಳಿನಿಂದ ಮುಟ್ಟಿ ನೋಡಿ. ಒಂದೇ ಮಟ್ಟದಲ್ಲಿದ್ದರೆ ವಿಗ್ ನೇರವಾಗಿದೆ. ಕನ್ನಡಿಯೂ ಬೇಡ, ಆಫೀಸಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಹೀಗೆ ಮುಟ್ಟಿ ನೋಡಿಕೊಳ್ಳಬಹುದು. ಒಳಗಡೆ ಕತ್ತಿನ ಹತ್ತಿರ ಎರಡು ಪಟ್ಟಿ ಇರುತ್ತವೆ. ಅವನ್ನು ಎಳೆದು ಬಿಗಿ ಮಾಡಿಕೊಳ್ಳಿ, ಆದರೆ ತಲೆ ನೋಯುವಷ್ಟು ಬೇಡ. ಸಂಜೆ ತೆಗೆದಾಗ ಹಣೆ ಮೇಲೆ ಗೆರೆ ಬಿದ್ದಿದ್ದರೆ ಬಿಗಿ ಜಾಸ್ತಿ ಅಂತ ಅರ್ಥ.

ಎರಡನೆಯದು, ಹೊಸ ವಿಗ್‌ನಲ್ಲಿ ಕೂದಲು ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ನಮ್ಮ ನಿಜವಾದ ತಲೆಯಲ್ಲಿ ಹಣೆಯ ಅಂಚಿನ ಕೂದಲು ತೆಳ್ಳಗಿರುತ್ತದೆ, ಹಿಂದೆ ಹೋದ ಹಾಗೆ ದಟ್ಟ. ವಿಗ್‌ನಲ್ಲಿ ಮುಂದೆಯೂ ಒಂದೇ ಸಮ ದಟ್ಟವಾಗಿದ್ದರೆ ಕಣ್ಣಿಗೆ ಹೊಡೆಯುತ್ತದೆ. ವಿಗ್ ಕತ್ತರಿಸಿ ಗೊತ್ತಿರುವವರ ಹತ್ತಿರ ತಲೆಗೆ ಹಾಕಿಕೊಂಡೇ ಕೂತು ತೆಳ್ಳಗೆ ಮಾಡಿಸಿ. ಬೈತಲೆ ಗೆರೆ ಎಳೆದ ಹಾಗೆ ನೆಟ್ಟಗಿದ್ದರೆ ಬಾಚಣಿಗೆಯ ತುದಿಯಿಂದ ಸ್ವಲ್ಪ ಅಂಕುಡೊಂಕು ಮಾಡಿ. ಸಿಂಥೆಟಿಕ್ ಆಗಿದ್ದು ಹೊಳಪು ಜಾಸ್ತಿ ಇದ್ದರೆ ಮುಖಕ್ಕೆ ಹಚ್ಚುವ ಪೌಡರನ್ನೇ ಬ್ರಶ್‌ನಿಂದ ತೆಳುವಾಗಿ ಉದುರಿಸಿ ಕೊಡವಿ. ಹೊಳಪು ಇಳಿಯುತ್ತದೆ.

ನಿಮ್ಮದು ಯಾವ ತರಹದ್ದು? ಮುಂದಿನ ಅಂಚಿಗೆ ತೆಳು ಬಲೆಯಂಥ ಲೇಸ್ ಇದೆಯಾ? ಕ್ಲಿಪ್ ಇದೆಯಾ?


ನೀಲಿಕೊಡೆ (ಶುಕ್ರವಾರ, ಬೆಳಿಗ್ಗೆ 7:10)

ಇಷ್ಟು ಬೇಗ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮುಂದೆ ಲೇಸ್ ಇದೆ, ಸಿಂಥೆಟಿಕ್. ಒಳಗೆ ನಾಲ್ಕು ಕ್ಲಿಪ್ ಇವೆ. ಉಳಿದಿರುವ ಕೂದಲಿಗೆ ಅವನ್ನೇ ಸಿಕ್ಕಿಸಿಕೊಂಡಿದ್ದೆ.


ಬಾಚಣಿಗೆ (ಶುಕ್ರವಾರ, ಬೆಳಿಗ್ಗೆ 7:40)

ಕ್ಲಿಪ್ ತೆಗೆಸಿಬಿಡಿ. ಹೊಲಿಗೆ ಬಿಚ್ಚಿದರೆ ಬರುತ್ತವೆ. ಉಳಿದಿರುವ ಕೂದಲಿಗೆ ದಿನಾ ಎಂಟು ಗಂಟೆ ಭಾರ ಹಾಕಿದರೆ ಆ ಎಳೆತಕ್ಕೇ ಬುಡ ಸೋತು ಕೂದಲು ಹೋಗುತ್ತದೆ. ಅದರ ಬದಲು ವೆಲ್ವೆಟ್ ಪಟ್ಟಿ ಸಿಗುತ್ತದೆ, ಹಣೆಯಿಂದ ಕತ್ತಿನ ಹಿಂದಕ್ಕೆ ಸುತ್ತಿಕೊಳ್ಳುವುದು. ವೆಲ್ವೆಟ್‌ನ ಜುಂಗು ವಿಗ್‌ನ ಒಳಮೈಯನ್ನು ಹಿಡಿದುಕೊಳ್ಳುತ್ತದೆ. ಅಂಟೂ ಬೇಡ, ಟೇಪೂ ಬೇಡ. ಬೋಳು ತಲೆಗೂ ನಿಲ್ಲುತ್ತದೆ.


ಒಂಟಿಮರ (ಶುಕ್ರವಾರ, ಬೆಳಿಗ್ಗೆ 9:05)

ಅಂಟಿನ ಮಾತು ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. ಗಂಡಸರು ಇಲ್ಲಿ ಕಡಿಮೆ ಬರೆಯುತ್ತಾರೆ. ನಮ್ಮಲ್ಲೂ ಈ ನೋವು ಇದೆ ಅಂತ ಹೇಳಲಿಕ್ಕಾದರೂ ಬರೆಯಬೇಕು ಅನ್ನಿಸಿತು.

ನನಗೆ 26ಕ್ಕೇ ಹಣೆಯಿಂದ ಹಿಂದಕ್ಕೆ ಹೋಗಲು ಶುರುವಾಯಿತು, ವಂಶದಿಂದ ಬಂದದ್ದು. ಗಂಡಸಿಗೆ ಬೋಳಾದರೆ ಏನಂತೆ ಅಂತ ಎಲ್ಲರೂ ಹೇಳುತ್ತಾರೆ. ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವವನು ನಾನು. ಅವರಿಗೇನು ಗೊತ್ತು?

ಮೊದಲು ಹೇರ್ ಪ್ಯಾಚ್ (ಬೋಳಾದ ಜಾಗಕ್ಕಷ್ಟೇ ಹಾಕುವ ವಿಗ್) ಹಾಕಿಸಿದ ಕಡೆ ಒಂದು ಮಾತೂ ಕೇಳದೆ ನೆತ್ತಿಗೆ ಅಂಟು ಬಳಿದು ಕೂರಿಸಿದರು. ಮೂರನೇ ದಿನಕ್ಕೆ ತುರಿಕೆ, ಐದನೇ ದಿನಕ್ಕೆ ನೀರುಗುಳ್ಳೆ. ತೆಗೆಸಿದಾಗ ಚರ್ಮವೂ ಕಿತ್ತು ಬಂತು. ಚರ್ಮದ ಡಾಕ್ಟರು ನೋಡಿ ಅಂಟಿನ ಅಲರ್ಜಿ ಅಂದರು. ಮೊದಲೇ ಮುಂಗೈಯ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ 24ರಿಂದ 48 ಗಂಟೆ ಬಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ಅಂಟಾಗಲಿ ಟೇಪಾಗಲಿ, ದಯವಿಟ್ಟು ಈ ಪರೀಕ್ಷೆ ಬಿಡಬೇಡಿ. ತೆಗೆಯುವಾಗಲೂ ಕೀಳಬಾರದು. ಅಂಟು ಬಿಡಿಸುವ ದ್ರವ ಹಚ್ಚಿ ಐದು ನಿಮಿಷ ಕಾದರೆ ತಾನಾಗಿಯೇ ಬಿಡುತ್ತದೆ.

ಈಗ ನನ್ನ ಚರ್ಮಕ್ಕೆ ಒಗ್ಗುವ ಟೇಪ್ ಸಿಕ್ಕಿದೆ. ನಾಲ್ಕು ವರ್ಷದಿಂದ ಹಾಕುತ್ತಿದ್ದೇನೆ. ಈಗ ಫೋಟೋದಲ್ಲಿ ಮುಂದಿನ ಸಾಲಿಗೆ ನಿಲ್ಲುತ್ತೇನೆ.

ಇನ್ನೊಂದು ವಿಷಯ. ಫ್ರಾನ್ಸಿನ ದೊರೆ ಹದಿಮೂರನೇ ಲೂಯಿ ತಲೆ ಬೋಳಾಗುತ್ತಿದೆ ಅಂತ 1624ರಲ್ಲಿ ವಿಗ್ ಹಾಕಲು ಶುರು ಮಾಡಿದ. ಆಗ ಅವನಿಗೆ ಬರೀ 22–23 ವರ್ಷ. ನೋಡ್ತಾ ನೋಡ್ತಾ ಆಸ್ಥಾನದವರೆಲ್ಲ ಹಾಕಿಕೊಂಡರು, ಆಮೇಲೆ ಯುರೋಪಿನ ದೊಡ್ಡ ಮನುಷ್ಯರೆಲ್ಲ. ಅದಕ್ಕೂ ಸಾವಿರಾರು ವರ್ಷ ಮೊದಲು ಪ್ರಾಚೀನ ಈಜಿಪ್ಟಿನಲ್ಲಿ ಗಂಡಸರು ಹೆಂಗಸರು ಇಬ್ಬರೂ ವಿಗ್ ಹಾಕುತ್ತಿದ್ದರು, ಅಲ್ಲಿನ ಗೋರಿಗಳಲ್ಲಿ ಸಿಕ್ಕಿವೆ. ಇದನ್ನು ಓದಿದ ದಿನ ನನಗೆ ನಿಜವಾಗಿಯೂ ಸಮಾಧಾನ ಆಯಿತು. ನಾಚಿಕೆ ಪಡುವ ವಸ್ತು ಅಂತ ನನ್ನ ತಲೆಯಲ್ಲಿ ಕೂತಿದ್ದು ಇತ್ತೀಚಿನದು.


ಬಯಲುದಾರಿ (ಶುಕ್ರವಾರ, ಮಧ್ಯಾಹ್ನ 1:15)

ನೀಲಿಕೊಡೆ, ನಿಮಗೆ ಬೇಸರ ಮಾಡಲು ಬರೆಯುತ್ತಿಲ್ಲ. ಆದರೆ ಬೇರೆ ದಾರಿಯೂ ಇದೆ ಅಂತ ಯಾರಾದರೂ ಹೇಳಬೇಕು ಅಲ್ವಾ.

ನನ್ನದು ಅಲೊಪೇಶಿಯಾ ಯೂನಿವರ್ಸಾಲಿಸ್. ಹುಬ್ಬು, ರೆಪ್ಪೆ, ಮೈ ಮೇಲಿನ ರೋಮ, ಯಾವುದೂ ಇಲ್ಲ. ಆರು ವರ್ಷ ವಿಗ್ ಹಾಕಿದೆ. ಬೆಲ್ ಆದರೆ ಸಾಕು, ಬಾಗಿಲು ತೆಗೆಯುವ ಮೊದಲು ವಿಗ್ ಹುಡುಕಿಕೊಂಡು ಓಡುತ್ತಿದ್ದೆ. ಒಂದು ದಿನ ಅದು ಸಿಗಲಿಲ್ಲ. ಹೊರಗಿದ್ದವರು ಮೂರನೇ ಸಲ ಬೆಲ್ ಒತ್ತಿದರು. ಹಾಗೇ ಬಾಗಿಲು ತೆಗೆದೆ. ಪಾರ್ಸಲ್ ಕೊಡುವ ಹುಡುಗ. ಸಹಿ ಹಾಕಿಸಿಕೊಂಡು ಹೋದ. ಅಷ್ಟೇ. ನಾನು ಆರು ವರ್ಷ ಹೆದರಿದ್ದು ಆ ಅರ್ಧ ನಿಮಿಷಕ್ಕೆ.

ಅಮೆರಿಕದ ಸಂಸದೆ ಅಯಾನಾ ಪ್ರೆಸ್ಲಿ 2020ರ ಜನವರಿಯಲ್ಲಿ ತಮಗೆ ಅಲೊಪೇಶಿಯಾ ಇದೆ ಅಂತ ಹೇಳಿ ಕ್ಯಾಮೆರಾ ಮುಂದೆ ಬರಿ ತಲೆಯಲ್ಲಿ ಬಂದರು. ಅದನ್ನು ನೋಡಿ ಎಷ್ಟೋ ಜನರಿಗೆ ಧೈರ್ಯ ಬಂತು, ನನಗೂ ಬಂತು. ನಾವು ಮುಚ್ಚಿಕೊಂಡಷ್ಟೂ ಇದು ಮುಚ್ಚಿಡಬೇಕಾದ ವಿಷಯ ಅಂತ ಜನ ಅಂದುಕೊಳ್ಳುತ್ತಾರೆ. ಸೋಮವಾರ ಹಾಗೇ ಹೋಗಿ ನೋಡಿ ಅಂತ ನನ್ನ ಮಾತು.


ಸಂಜೆಗಾಳಿ (ಶುಕ್ರವಾರ, ಮಧ್ಯಾಹ್ನ 2:30)

ಬಯಲುದಾರಿ, ನಿಮ್ಮ ಧೈರ್ಯ ದೊಡ್ಡದು. ಆದರೆ ಇದನ್ನು ಎಲ್ಲರಿಗೂ ಹೇಳಬೇಡಿ ಅಂತ ನನ್ನ ಕೋರಿಕೆ.

ನಾನು ಸ್ಕಾರ್ಫ್ ಕಟ್ಟಿಕೊಂಡು ಹೋದ ದಿನ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಬಸ್ಸಿನಲ್ಲಿ ಎಲ್ಲರ ಮುಖ ಒಂದೇ ತರಹ ಆಗುತ್ತಿತ್ತು. ದನಿ ಇಳಿಸಿ ಮಾತಾಡುತ್ತಿದ್ದರು. ಎಲ್ಲಿ ಹೋದರೂ ನನಗಿಂತ ಮುಂಚೆ ನನ್ನ ಕಾಯಿಲೆ ಒಳಗೆ ಹೋಗುತ್ತಿತ್ತು. ವಿಗ್ ಹಾಕಿಕೊಂಡ ದಿನ ಅಂಗಡಿಯವರು ‘ಚಿಲ್ಲರೆ ಇದೆಯಾ ಮೇಡಂ?’ ಅಂತ ಸ್ವಲ್ಪ ಗಡಸಾಗಿಯೇ ಕೇಳಿದರು. ನಿಮಗೆ ನಂಬಿಕೆ ಬರುತ್ತದೋ ಇಲ್ಲವೋ, ಖುಷಿಯಿಂದ ಕಣ್ಣು ತುಂಬಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನ ಹತ್ತಿರ ಮಾಮೂಲಾಗಿ ಮಾತಾಡಿದ್ದರು.

ಅದನ್ನು ಮುಚ್ಚಿಡುವುದು ಅನ್ನಬೇಡಿ. ನನ್ನ ವಿಷಯ ಯಾರಿಗೆ ಯಾವಾಗ ಹೇಳಬೇಕು ಅನ್ನುವುದು ನನ್ನ ಕೈಗೆ ವಾಪಸ್ ಬಂತು, ಅಷ್ಟೇ.


ಬಯಲುದಾರಿ (ಶುಕ್ರವಾರ, ಮಧ್ಯಾಹ್ನ 3:05)

ಅಕ್ಕ, ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ನನ್ನ ಆರು ವರ್ಷದಲ್ಲಿ ನನಗೆ ಸಿಗದೇ ಹೋಗಿದ್ದು ಅದೇ. ಮನೆಯೊಳಗೂ, ಗಂಡನ ಎದುರಿಗೂ ತೆಗೆಯುತ್ತಿರಲಿಲ್ಲ. ಮಲಗುವಾಗಲೂ ಹಾಕಿಕೊಂಡೇ ಮಲಗಿ ನೆತ್ತಿಯಲ್ಲಿ ಹುಣ್ಣು ಮಾಡಿಕೊಂಡಿದ್ದೆ. ನೀಲಿಕೊಡೆ, ಹಾಗಾದರೆ ನನ್ನ ಮಾತು ಬದಲಿಸುತ್ತೇನೆ. ಸೋಮವಾರ ವಿಗ್ ಹಾಕಿಕೊಂಡೇ ಹೋಗಿ. ಆದರೆ ವಿಗ್ ಇಲ್ಲದ ನಿಮ್ಮ ತಲೆಯನ್ನು ನೋಡಿದ ಒಬ್ಬರಾದರೂ ಮನೆಯಲ್ಲಿ ಇರಲಿ. ರಾತ್ರಿ ತೆಗೆದಿಡಿ, ಚರ್ಮಕ್ಕೆ ಗಾಳಿ ಬೇಕು.


ಹೊಸಬಳು (ಶುಕ್ರವಾರ, ಸಂಜೆ 5:20)

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಎರಡೂವರೆ ತಿಂಗಳ ಹಿಂದೆ ಜೋರು ಜ್ವರ ಬಂದಿತ್ತು. ಈಗ ಕೈ ಹಾಕಿದರೆ ಕೂದಲು ಕೈಗೇ ಬರುತ್ತದೆ. ನಾನೂ ವಿಗ್ ತಗೊಳ್ಳಬೇಕಾ?


ಬಾಚಣಿಗೆ (ಶುಕ್ರವಾರ, ಸಂಜೆ 6:00)

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಜ್ವರ, ಹೆರಿಗೆ, ಆಪರೇಷನ್, ದೊಡ್ಡ ಆಘಾತ ಇವೆಲ್ಲ ಆಗಿ ಎರಡು ಮೂರು ತಿಂಗಳಿಗೆ ಹೀಗೆ ಒಟ್ಟಿಗೆ ಉದುರುವುದು ಸಾಮಾನ್ಯ. ಮಾಮೂಲಿ ದಿನಗಳಲ್ಲೂ ಎಲ್ಲರಿಗೂ 50ರಿಂದ 100 ಕೂದಲು ಹೋಗುತ್ತವೆ, ಇದರಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಬುಡ ಸತ್ತಿರುವುದಿಲ್ಲ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ತಿರುಗಿ ಬರುತ್ತದೆ. ಆದರೆ ನೆತ್ತಿಯಲ್ಲಿ ಉರಿ, ನೋವು, ಕೆಂಪು ಇದ್ದರೆ ತಡ ಮಾಡಬೇಡಿ. ಕೆಲವು ತರಹದಲ್ಲಿ ಬುಡದ ಜಾಗದಲ್ಲಿ ಕಲೆ ಕಟ್ಟಿ ಮತ್ತೆ ಕೂದಲು ಬರುವುದೇ ಇಲ್ಲ, ಬೇಗ ಹೋದರೆ ಉಳಿಸಿಕೊಳ್ಳಬಹುದು. ನಿಮ್ಮದು ನೋಡದೆ ನಾನು ವಿಗ್ ತಗೊಳ್ಳಿ ಅನ್ನುವುದಿಲ್ಲ.


ಗುಬ್ಬಿಗೂಡು (ಶನಿವಾರ, ಬೆಳಿಗ್ಗೆ 11:10)

ನೀಲಿಕೊಡೆ ಅವರೇ, ನಿಮ್ಮ ‘ಸುಳ್ಳು ಹೇಳಿದ ಹಾಗೆ ಆಗಲ್ವಾ’ ಅನ್ನುವ ಪ್ರಶ್ನೆಯನ್ನು ನನ್ನ ಮಗಳೂ ಕೇಳಿದ್ದಳು. ಅವಳಿಗೆ 11. ನಿಮಗಿರುವುದೇ ಅವಳಿಗೂ.

ಮೊದಲು ಕೂದಲು ಹೋದಾಗ ನೋಡಿದವರೆಲ್ಲ ‘ಹುಳ ತಿಂದಿದೆ’ ಅಂದರು. ಅವಳು ಅದನ್ನು ನಿಜ ಅಂದುಕೊಂಡು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ತಲೆಯೊಳಗೆ ಹುಳ ಓಡಾಡುತ್ತಿದೆ ಅಂತ ದಿಂಬಿಗೆ ಕಿವಿ ಒತ್ತಿ ಕೇಳಿಸಿಕೊಳ್ಳುತ್ತಿದ್ದಳು. ಹುಳವೂ ಇಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ ಅಂತ ಡಾಕ್ಟರ ಬಾಯಿಂದಲೇ ಹೇಳಿಸಿದೆ. ಪ್ರಪಂಚದಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದಂತೆ. ‘ಹಾಗಾದರೆ ನಮ್ಮ ಸ್ಕೂಲಲ್ಲಿ ಇನ್ನೂ ಯಾರಿಗಾದರೂ ಇರಬೇಕು’ ಅಂತ ಅವಳು ಲೆಕ್ಕ ಹಾಕತೊಡಗಿದಳು. ಅವತ್ತು ಅವಳ ಮುಖ ಮೊದಲ ಸಲ ಸ್ವಲ್ಪ ಹಗುರಾಗಿದ್ದು.

ವಿಗ್ ಆರಿಸುವುದನ್ನು ಅವಳಿಗೇ ಬಿಟ್ಟೆ. ನಾನು ಉದ್ದ ಜಡೆ ಬರುವಂಥದ್ದನ್ನೇ ನೋಡುತ್ತಿದ್ದೆ, ಅವಳ ಹಳೇ ಕೂದಲು ಹಾಗಿತ್ತು. ಅವಳು ಭುಜದ ತನಕ ಬರುವುದನ್ನು ಎತ್ತಿಕೊಂಡಳು. ‘ಇದು ಹೊಸಾದು ಅಂತ ಎಲ್ಲರಿಗೂ ಗೊತ್ತಾಗಲಿ’ ಅಂದಳು. ನನಗೆ ಮಾತೇ ಹೊರಡಲಿಲ್ಲ. ಹಳೆಯದನ್ನು ವಾಪಸ್ ತರಲು ಹೊರಟಿದ್ದವಳು ನಾನು. ಅವಳಿಗೆ ಅದು ಬೇಕಿರಲಿಲ್ಲ.

ಸ್ಕೂಲಿಗೆ ಹೋಗುವ ಮೊದಲು ಟೀಚರಿಗೆ ಹೇಳಿದ್ದೆವು. ಜಗಳದಲ್ಲಿ ಯಾರಾದರೂ ಎಳೆದರೆ ಏನು ಮಾಡಬೇಕು ಅಂತ ಮನೆಯಲ್ಲಿ ಆಡಿ ನೋಡಿದ್ದೆವು. ನಾನು ಎಳೆಯುವುದು, ಅವಳು ಎರಡೂ ಕೈಯಲ್ಲಿ ವಿಗ್ ಹಿಡಿದು ‘ಬಿಡು, ಇದು ನಂದು’ ಅಂತ ಜೋರಾಗಿ ಹೇಳುವುದು. ಹತ್ತು ಹದಿನೈದು ಸಲ ಆಡಿದೆವು. ಸ್ಕೂಲಿನಲ್ಲಿ ಇವತ್ತಿನ ತನಕ ಯಾರೂ ಎಳೆದಿಲ್ಲ. ಗೆಳತಿಯರು ಮೂವರಿಗೆ ಅವಳೇ ಹೇಳಿದ್ದಾಳೆ. ಉಳಿದವರು ಕೇಳಿದರೆ ‘ಹೌದು, ಹೊಸ ಕೂದಲು’ ಅನ್ನುತ್ತಾಳೆ. ಅದು ಸುಳ್ಳಲ್ಲ ನೋಡಿ. ನಿಜವನ್ನೇ, ಅವಳಿಗೆ ಎಷ್ಟು ಬೇಕೋ ಅಷ್ಟು ಹೇಳುತ್ತಾಳೆ.

ರಾತ್ರಿ ಅದನ್ನು ತೆಗೆದು, ತುದಿಯಿಂದ ಸಿಕ್ಕು ಬಿಡಿಸಿ, ಸ್ಟ್ಯಾಂಡಿಗೆ ಹಾಕಿ, ‘ನಾಳೆ ಸಿಗ್ತೀನಿ’ ಅಂತ ಹೇಳಿ ಲೈಟ್ ಆರಿಸುತ್ತಾಳೆ.


ನೀಲಿಕೊಡೆ (ಶನಿವಾರ, ರಾತ್ರಿ 9:45)

ಗುಬ್ಬಿಗೂಡು ಅವರೇ, ಮಗಳಿಗೆ ನನ್ನ ಕಡೆಯಿಂದ ದೊಡ್ಡ ಅಪ್ಪುಗೆ. ‘ಹೌದು, ಹೊಸ ಕೂದಲು.’ ನಾನು ಇದನ್ನೇ ಕದಿಯುತ್ತೇನೆ.

ಇವತ್ತು ಏನೇನು ಮಾಡಿದೆ ಅಂತ ಹೇಳುತ್ತೇನೆ. ಕ್ಲಿಪ್ ಬಿಚ್ಚಿದೆ. ವೆಲ್ವೆಟ್ ಪಟ್ಟಿ ಸಿಕ್ಕಿತು. ವಿಗ್ ಕತ್ತರಿಸುವವರೊಬ್ಬರು ಮುಂದಿನ ಅಂಚನ್ನು ತೆಳ್ಳಗೆ ಮಾಡಿಕೊಟ್ಟರು. ನೆಲದ ಮೇಲೆ ಬಿದ್ದಿದ್ದು ಒಂದು ಹಿಡಿಯಷ್ಟು ಕೂದಲು, ಆದರೆ ವ್ಯತ್ಯಾಸ ಎಷ್ಟು ಅಂದರೆ, ಕನ್ನಡಿಯಲ್ಲಿ ಮೊದಲು ವಿಗ್ ಕಾಣುತ್ತಿತ್ತು, ಈಗ ಮುಖ ಕಾಣುತ್ತದೆ.

ಮನೆಗೆ ಬಂದು ಫ್ಯಾನ್ ಪರೀಕ್ಷೆ ಮಾಡಿದೆ. ಜಿಗಿದೆ, ಬಗ್ಗಿದೆ. ಏನೂ ಆಗಲಿಲ್ಲ.

ಸಂಜೆ ತಮ್ಮ ಬಂದಿದ್ದ. ಬಯಲುದಾರಿಯವರ ಮಾತು ನೆನಪಾಗಿ ಅವನ ಎದುರಿಗೆ ವಿಗ್ ತೆಗೆದೆ. ಎರಡು ವರ್ಷದಲ್ಲಿ ಅವನು ನನ್ನ ತಲೆ ನೋಡಿರಲಿಲ್ಲ. ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ‘ಅಕ್ಕ, ಚಳಿ ಆಗಲ್ವಾ?’ ಅಂತ ಕೇಳಿದ. ಆಗುತ್ತದೆ ಅಂದೆ. ಎದ್ದು ಹೋಗಿ ಕಿಟಕಿ ಹಾಕಿ ಬಂದ.


ಒಂಟಿಮರ (ಶನಿವಾರ, ರಾತ್ರಿ 10:15)

ನಿಮ್ಮ ತಮ್ಮನ ಬಗ್ಗೆ ಓದಿ ಸುಮ್ನೆ ಕೂತುಬಿಟ್ಟೆ. ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳಿ. ಅವಸರದಲ್ಲಿ ಹಾಕಿಕೊಂಡರೆ ಇಡೀ ದಿನ ಕೈ ತಲೆಗೇ ಹೋಗುತ್ತಿರುತ್ತದೆ. ಜನ ಗಮನಿಸುವುದು ಆ ಕೈಯನ್ನು, ಕೂದಲನ್ನಲ್ಲ.


ಬಯಲುದಾರಿ (ಭಾನುವಾರ, ಬೆಳಿಗ್ಗೆ 8:30)

ಒಬ್ಬರಿಗಾದರೂ ಆಫೀಸಿನಲ್ಲಿ ಮೊದಲೇ ಹೇಳಿಡಿ. ಜರುಗಿದರೆ ಸನ್ನೆ ಮಾಡುವುದಕ್ಕೆ ಒಬ್ಬರು ಇದ್ದಾರೆ ಅಂತ ಗೊತ್ತಿದ್ದರೆ ಎದೆ ಹಗುರಾಗಿರುತ್ತದೆ. ಹುಬ್ಬು ಹೋಗಿದ್ದರೆ ಕನ್ನಡಕದ ಫ್ರೇಮ್ ದಪ್ಪದ್ದು ಹಾಕಿ. ಅದರ ಮೇಲಿನ ಅಂಚೇ ಹುಬ್ಬಿನ ಜಾಗ ತುಂಬುತ್ತದೆ.


ನೀಲಿಕೊಡೆ (ಸೋಮವಾರ, ರಾತ್ರಿ 8:50)

ಹೋಗಿ ಬಂದೆ.

ಮೊದಲಿಂದ ಹೇಳುತ್ತೇನೆ. ನಿನ್ನೆ ರಾತ್ರಿ ನನ್ನ ಪಕ್ಕದ ಸೀಟಿನ ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಎರಡು ವರ್ಷ ನನ್ನ ಹತ್ತಿರ ಹೇಳಲಿಲ್ವಲ್ಲೇ’ ಅಂತ ಬೈದಳು, ಆಮೇಲೆ ಇಬ್ಬರೂ ಅತ್ತೆವು. ಬೆಳಿಗ್ಗೆ ಅವಳು ಗೇಟಿನ ಹತ್ತಿರವೇ ಕಾಯುತ್ತಿದ್ದಳು.

ಲಿಫ್ಟಿನಲ್ಲಿ ಏಳು ಜನ. ಎಲ್ಲರೂ ಮೊಬೈಲ್ ನೋಡುತ್ತಿದ್ದರು. ನನ್ನ ಎದೆ ಡವಡವ ಅನ್ನುವುದು ಅವರಿಗೆ ಕೇಳಿಸುತ್ತದೇನೋ ಅನ್ನಿಸುತ್ತಿತ್ತು. ಒಬ್ಬರೂ ತಲೆ ಎತ್ತಲಿಲ್ಲ.

ಹನ್ನೊಂದು ಗಂಟೆಗೆ ನಮ್ಮ ಟೀಮಿನವರೊಬ್ಬರು ‘ಅರೆ, ಹೇರ್‌ಸ್ಟೈಲ್ ಬದಲಾಗಿದೆ!’ ಅಂದರು. ಮೂರು ದಿನದಿಂದ ಬಾಯಿಪಾಠ ಮಾಡಿದ್ದೆ. ‘ಹೌದು, ಹೊಸ ಕೂದಲು’ ಅಂದೆ. ‘ಚೆನ್ನಾಗಿ ಒಪ್ಪುತ್ತೆ’ ಅಂದು ಪ್ರಾಜೆಕ್ಟಿನ ವಿಷಯಕ್ಕೆ ಹೋದರು. ನಾನೂ ಹೋದೆ. ಹತ್ತು ನಿಮಿಷ ಕಳೆದ ಮೇಲೆ ನೆನಪಾಯಿತು, ಈ ಹತ್ತು ನಿಮಿಷ ನಾನು ತಲೆಯ ಬಗ್ಗೆ ಯೋಚನೆಯನ್ನೇ ಮಾಡಿಲ್ಲ ಅಂತ. ಎರಡು ವರ್ಷದಲ್ಲಿ ಎಚ್ಚರ ಇರುವಾಗ ಅಷ್ಟು ಹೊತ್ತು ಅದನ್ನು ಮರೆತಿದ್ದು ನನಗೆ ನೆನಪಿಲ್ಲ.

ಎಲ್ಲವೂ ಸುಲಭವಾಗಿತ್ತು ಅಂತ ಹೇಳಲಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಿವಿಯ ಮೇಲೆ ವಿಪರೀತ ತುರಿಕೆ. ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು, ವಿಗ್ ತೆಗೆದು ತೊಡೆಯ ಮೇಲಿಟ್ಟು ಐದು ನಿಮಿಷ ಕೂತೆ. ಒದ್ದೆ ಟಿಶ್ಯೂ ಪೇಪರಿನಿಂದ ತಲೆ ಒರೆಸಿಕೊಂಡೆ. ಆಮೇಲೆ ಕನ್ನಡಿ ಇಲ್ಲದೆಯೇ ನಾಲ್ಕು ಬೆರಳು ಇಟ್ಟು, ಕಿವಿಯ ಹತ್ತಿರ ಎರಡೂ ಕಡೆ ಮುಟ್ಟಿ ನೋಡಿ ಹಾಕಿಕೊಂಡೆ. ಹೊರಗೆ ಬಂದು ಕನ್ನಡಿ ನೋಡಿದರೆ ಸರಿಯಾಗಿತ್ತು. ಬಾಚಣಿಗೆಯವರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಮನೆಗೆ ಬಂದು ತೆಗೆದಿಟ್ಟು ತಲೆ ತೊಳೆದುಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಫ್ಯಾನಿನ ಗಾಳಿ ಹಿತವಾಗಿದೆ. ನಾಳೆಯೂ ಹೋಗಬೇಕು. ವಿಗ್ ತೊಳೆಯುವುದು ಯಾವಾಗ, ಹೇಗೆ?


ಗುಬ್ಬಿಗೂಡು (ಸೋಮವಾರ, ರಾತ್ರಿ 9:10)

ಮಗಳಿಗೆ ಓದಿ ಹೇಳಿದೆ. ‘ನಂದೇ ಮಾತು!’ ಅಂತ ಮನೆ ತುಂಬಾ ಕುಣಿದಳು.


ಸಂಜೆಗಾಳಿ (ಸೋಮವಾರ, ರಾತ್ರಿ 9:20)

ಬೆಳಿಗ್ಗೆಯಿಂದ ನಾಲ್ಕು ಸಲ ಬಂದು ನೋಡಿ ಹೋಗಿದ್ದೆ. ಚೆನ್ನಾಗಿ ನಿದ್ದೆ ಮಾಡಮ್ಮ ಇವತ್ತು.


ಬಾಚಣಿಗೆ (ಸೋಮವಾರ, ರಾತ್ರಿ 9:50)

ತುಂಬಾ ಸಂತೋಷ ಆಯಿತು. ತುರಿಕೆಗೆ ಒಳಗೆ ಹತ್ತಿಯದೋ ಬಿದಿರು ನಾರಿನದೋ ತೆಳು ಕ್ಯಾಪ್ ಹಾಕಿ, ಬೆವರು ಹೀರಿಕೊಳ್ಳುತ್ತದೆ.

ತೊಳೆಯುವುದು ಎಂಟು ಹತ್ತು ಸಲ ಹಾಕಿದ ಮೇಲೆ ಸಾಕು. ಬೆವರು ಜಾಸ್ತಿ ಇದ್ದರೆ ಸ್ವಲ್ಪ ಮುಂಚೆ. ಮೊದಲು ಒಣಗಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಬಕೆಟ್ ತಣ್ಣೀರಿಗೆ ಸ್ವಲ್ಪ ಮೃದುವಾದ ಶಾಂಪೂ ಕಲಸಿ ಐದು ನಿಮಿಷ ನೆನೆಸಿ. ಬಟ್ಟೆ ಒಗೆದ ಹಾಗೆ ಉಜ್ಜಬೇಡಿ, ಹಿಂಡಬೇಡಿ. ಬೇರೆ ತಣ್ಣೀರಿನಲ್ಲಿ ಅದ್ದಿ ತೆಗೆದು, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಒದ್ದೆ ಇರುವಾಗ ಬಾಚಬೇಡಿ. ಸ್ಟ್ಯಾಂಡಿಗೆ ಹಾಕಿ ನೆರಳಲ್ಲಿ ಒಣಗಲಿ, ರಾತ್ರಿ ತೊಳೆದರೆ ಬೆಳಿಗ್ಗೆಗೆ ಆಗಿರುತ್ತದೆ. ಸಿಂಥೆಟಿಕ್‌ಗೆ ಬಿಸಿ ತಾಗಬಾರದು. ಒಲೆಯ ಮೇಲೆ ಬಗ್ಗುವಾಗ, ಓವನ್ ಬಾಗಿಲು ತೆಗೆಯುವಾಗ ಹಿಂದಕ್ಕೆ ಕಟ್ಟಿಕೊಳ್ಳಿ ಅಥವಾ ತೆಗೆದಿಡಿ. ಒಂದು ಸಲ ಬಿಸಿ ಹಬೆ ಹೊಡೆದರೆ ಎಳೆ ಮುರುಟಿಕೊಳ್ಳುತ್ತದೆ, ಸರಿ ಮಾಡುವುದು ಕಷ್ಟ.

ದಿನಾ ಹಾಕಿದರೆ ಇದು ನಾಲ್ಕರಿಂದ ಆರು ತಿಂಗಳು ಬರುತ್ತದೆ. ಮೊದಲು ಹಾಳಾಗುವುದು ಕತ್ತಿನ ಹಿಂದೆ, ಕಾಲರ್ ಉಜ್ಜುವ ಕಡೆ. ಅಲ್ಲಿ ಜುಂಗು ಎದ್ದಾಗ ಹೇಳಿ, ಎರಡನೆಯದನ್ನು ಹೇಗೆ ಆರಿಸುವುದು ಅಂತ ಬರೆಯುತ್ತೇನೆ.


ನೀಲಿಕೊಡೆ (ಸೋಮವಾರ, ರಾತ್ರಿ 10:05)

ಖಂಡಿತ. ಎರಡನೆಯದು ಭುಜದ ತನಕ ಬರುವುದು ಇರಲಿ ಅಂತ ಈಗಲೇ ಅನ್ನಿಸುತ್ತಿದೆ.